ಸ್ಟಾಕ್‌ಹೋಮಿನ ಕಂಬಿ

ಸ್ಟಾಕ್‌ಹೋಮಿಗೆ ಹೊಂಟಿದ್ದು ಊರು ನೋಡಾಕ ಅಂತ ಗಜೇಂದ್ರಗಡದಾಗ ಎಲ್ಲಾರ ಮುಂದ ಹೇಳಿದ್ದೆ. ಖರೇ ಹೇಳಬೇಕಂದ್ರ ನಾ ಹೋಗಿದ್ದು ನಮ್ಮ ಮನಿಯವರ ಬಲಗೈ ಸಲುವಾಗಿ.

ಎರಡು ವರ್ಷದ ಹಿಂದ ಹುಬ್ಬಳ್ಳ್ಯಾಗ ಅವರ ಎದಿಯೊಳಗ ಸ್ಟೆಂಟ್ ಹಾಕಿದ್ರು. ದವಾಖಾನಿಯಿಂದ ಮನಿಗೆ ಬರೂಮುಂದ ಎದಿ ಮ್ಯಾಲ ಇಟ್ಟ ಕೈ ಆಮ್ಯಾಲ ಇಳೀಲೇ ಇಲ್ಲ. ಬಸ್ ಸ್ಟ್ಯಾಂಡಿನ ಗದ್ದಲದಾಗ ಮಂದಿ ಕಿಸೆ ಹಿಡಕೊಂಡು ನಿಂದರತಾರಲ್ಲ, ಹಂಗ. ಪೇಪರ್ ಓದೂಮುಂದ, ಬಾಗಲದಾಗ ನಿಂತು ಮಾತಾಡೂಮುಂದ, ಫೋಟೋ ತಗಿಸಿಕೊಳ್ಳೂಮುಂದ, ಬಲಗೈ ಅಲ್ಲೇ. ಊಟಕ್ಕ ಕುಂತಾಗ ಬಲಗೈ ಬೇಕಲ್ಲ, ಆವಾಗ ಎಡಗೈಗೆ ಚಾರ್ಜ್ ಕೊಡತಿದ್ರು.

ಡಾಕ್ಟರ್ ಏನೂ ಅಂಜಿಸಿರಲಿಲ್ಲ. "ನಿಮ್ಮ ಎದಿ ಈಗ ಚಲೋ ಐತ್ರಿ. ದಿನಾ ನಡೀರಿ, ಸಾವಕಾಶ ಓಡಿದ್ರೂ ಏನಾಗೂದಿಲ್ಲ. ಅಂಜೂದೊಂದು ಬಿಡ್ರಿ," ಅಂದಿದ್ರು. ಇವರು ಕೈ ಎದಿ ಮ್ಯಾಲ ಇಟಗೊಂಡ "ಹೌದ್ರಿ, ಹೌದ್ರಿ" ಅಂದ್ರು.

ಇಂಥಾ ಮನಷ್ಯಾ ಅಲ್ಲ ಅವರು. ನಾ ಸೂಡಿಯೊಳಗ ಕನ್ನಡ ಸಾಲಿ ಅಕ್ಕೋರಾಗಿ ರಿಟೈರ್ ಆದಾಕಿ, ಅವರು ಬಸ್ ಡ್ರೈವರ್ ಆಗಿ ರಿಟೈರ್ ಆದವರು. ಗಜೇಂದ್ರಗಡ, ರೋಣ, ನರಗುಂದ ಅಂತ ಜೀವಮಾನ ಪೂರ್ತಿ ಸ್ಟೇರಿಂಗ್ ತಿರುವಿದ್ರು. ಕೊಣ್ಣೂರಿನ ಸೇತುವೆ ಮುಳುಗಿದ್ರ ದಂಡಿ ಮ್ಯಾಲ ಬಸ್ ನಿಲ್ಲಿಸಿ, ಪ್ಯಾಸೆಂಜರು ಬೈಯಾಕತ್ತಿದ್ರೂ ಸೀಟಿನ ಮ್ಯಾಲ ಆರಾಮ ನಿದ್ದಿ ಹೊಡೀತಿದ್ರು. ಅಂಜಿಕಿ ಅಂಬೂದು ಅವರ ರೂಟಿನ್ಯಾಗ ಇರಲಿಲ್ಲ.

ಮತ್ತ ಪ್ರತಿ ವರ್ಷ ಉಗಾದಿಗೆ ಮೊದಲ ರಜಾ ಹಾಕಿ ಶ್ರೀಶೈಲಕ್ಕ ನಡಕೊಂತ ಹೋಗವ್ರು, ಕಂಬಿ ಹಿಂದ. ಕಂಬಿ ಅಂದ್ರ ಬಟ್ಟಿ ಸುತ್ತಿ ಗಂಟಿ ಕಟ್ಟಿದ ಕೋಲು. ಅದು ಮಲ್ಲಯ್ಯನ ಗುರ್ತು, ಒಬ್ಬರು ಹೆಗಲ ಮ್ಯಾಲ ಹೊತ್ತು ಮುಂದ ನಡೀತಾರ. ನಮ್ಮ ಓಣಿ ಕಂಬಿಗೆ ರೀತಿ ಐತಿ. ಕಂಬಿ ಮುಂದ ಯಾರೂ ಕಾಲಿಡಬಾರದು. ಕಂಬಿ ಬಿಟ್ಟು ಹಿಂದನೂ ಉಳೀಬಾರದು. ಆಮ್ಯಾಲ ಮುಖ್ಯ ಅಂದ್ರ, ಊರು ಮುಟ್ಟಿದ ಕೂಡ್ಲೇ ಒಳಗ ನುಗ್ಗಂಗಿಲ್ಲ. ಸಂಗಾಟ ಹೊಂಟವರೆಲ್ಲಾ ಬಂದು ಮುಟ್ಟೂ ತನಕ ಊರ ಬಾಗಲದಾಗ, ಅಗಸ್ಯಾಗ ನಿಂತು, ಎಲ್ಲಾರೂ ಕೂಡೇ ಒಳಗ ಹೋಗಬೇಕು.

ಸ್ಟೆಂಟ್ ಹಾಕಿದ ವರ್ಷ ಅವರು ಹೋಗಲಿಲ್ಲ, ಸರಿ. ಅದರ ಮುಂದಿನ ವರ್ಷ ಕಂಬಿ ನಮ್ಮ ಓಣಿಗೆ ಬಂದಾಗ, ಜಳಕ ಮಾಡತೀನಿ ಅಂತ ಬಚ್ಚಲಕ್ಕ ಹೋಗಿ ಬಾಗಲಾ ಹಾಕಿಕೊಂಡ್ರು. ಗಂಟಿ ಸಪ್ಪಳ ದೂರ ಹೋದ ಮ್ಯಾಲ ಹೊರಗ ಬಂದ್ರು. ಮೈ ಮ್ಯಾಲ ಒಂದ ಹನಿ ನೀರಿರಲಿಲ್ಲ. ಅವತ್ತು ನನಗ ಸಿಟ್ಟು ಬಂತು, ಸಿಟ್ಟಿನಕಿಂತ ಜಾಸ್ತಿ ಅಳು ಬಂತು. ಜೀವಾ ಉಳಿಸಿಕೊಂಡು ಮನಿಗೆ ಕರಕೊಂಡು ಬಂದೆ ಅನಕೊಂಡಿದ್ದೆ. ಅರ್ಧಾ ಮನಷ್ಯಾ ಅಲ್ಲೇ ದವಾಖಾನ್ಯಾಗ ಉಳಕೊಂಡಿದ್ದ.

ಹಂಗಾಗಿ ಸ್ಟಾಕ್‌ಹೋಮಿನ್ಯಾಗ ನರ್ಸ್ ಆಗಿರೂ ನನ್ನ ತಂಗಿ ಮಗಳು "ದೊಡ್ಡವ್ವ, ಬ್ಯಾಸಿಗ್ಯಾಗ ಬರ್ರಿ, ದೊಡ್ಡಪ್ಪಗ ಹವಾ ಬದಲಾದಂಗ ಆಗತೈತಿ" ಅಂದಾಗ, ನಾ ಒಂದ ಮಾತಿಗೆ ಹ್ಞೂಂ ಅಂದೆ. ಹವಾ ಏನೋ ಬದಲಾತು. ಅಲ್ಲಿಯವರು ಬ್ಯಾಸಿಗಿ ಅಂತ ಕರಿಯೂದು ನಮ್ಮ ಡಿಸೆಂಬರ್ ತಿಂಗಳಾ. ಮಂಗಿ ಟೋಪಿ ಹಾಕಿಕೊಂಡು ವಿಮಾನ ಇಳದ ಇವರನ್ನ ನೋಡಿ, ಅರ್ಧಾ ತೋಳಿನ ಅಂಗಿಯ ಮಂದಿ ದಾರಿ ಬಿಟ್ಟು ಸರದ್ರು.

ಊರು ಚಲೋ ಐತಿ. ಎಲ್ಲೆ ನೋಡಿದ್ರೂ ನೀರು, ನೀರಿನ ಮ್ಯಾಲ ಸೇತುವೆ. ಇವರು ಪ್ರತಿ ಸೇತುವೆ ಮ್ಯಾಲ ನಿಂತು ಕೆಳಗ ಬಗ್ಗಿ ನೋಡಿ, "ಮಳಿಗಾಲದಾಗ ಇದು ಮುಳಗತೈತೇನು?" ಅಂತ ಕೇಳವ್ರು. ಇಲ್ಲ ಅಂದ್ರ ಯಾಕೋ ಬ್ಯಾಸರ ಮಾಡಿಕೊಳ್ಳವ್ರು. ಒಂದಿನ ಒಂದು ಹಳೇ ಹಡಗ ನೋಡಾಕ ಹೋದ್ವಿ. ಕಟ್ಟಿ ನೀರಿಗೆ ಬಿಟ್ಟ ದಿನನ ದಂಡಿ ದಾಟೂದ್ರಾಗ ಮುಳುಗಿದ ಹಡಗಂತ ಅದು. ಶತಮಾನಗಟ್ಟಲೆ ಆದಿಂದ ಮ್ಯಾಲ ಎತ್ತಿ, ಅದಕ್ಕೊಂದು ದೊಡ್ಡ ಕಟ್ಟಡ ಕಟ್ಟಿ, ಟಿಕೀಟ್ ಹಚ್ಚ್ಯಾರ. ಇವರು ಅದರ ಸುತ್ತ ಒಂದು ಸುತ್ತು ಹಾಕಿ, "ಮ್ಯಾಲ ಲೋಡ್ ಜಾಸ್ತಿ ಆಗಿರತೈತಿ," ಅಂದ್ರು. ಬದಾಮಿ ರಸ್ತಾದಾಗ ಯಾವ ಟ್ರ್ಯಾಕ್ಟರ್ ಪಲ್ಟಿ ಆದ್ರೂ ಅವರು ಇದನ್ನ ಹೇಳೂದು. ಆಮ್ಯಾಲ ಬೆಂಚ್ ಹುಡುಕಿ ಕುಂತ್ರು.

ಆ ಊರಾಗ ಬೆಂಚ್ ಭಾಳ. ಅದ ನನಗ ಘಾತ ಮಾಡ್ತು. ಮುಂಜಾನೆ ಕೆರಿ ದಂಡಿಗೆ ನಡಸಾಕ ಕರಕೊಂಡು ಹೋದ್ರ ಒಂದು ಬೆಂಚಿನಿಂದ ಇನ್ನೊಂದು ಬೆಂಚಿಗೆ ಹೋಗವ್ರು, ನಡುವ ಸ್ಟಾಪ್ ಇಲ್ಲದ ಹಳ್ಳಿ ಬಸ್ ಎಲ್ಲಾದ್ರೂ ಐತೇನು ಅನ್ನೂ ಹಂಗ ನನ್ನ ಮಾರಿ ನೋಡವ್ರು. ಪಕ್ಕದಾಗ ನಮಗಿಂತ ಹಿರೇ ಮುದುಕ್ಯಾರು ಚಡ್ಡಿ ಹಾಕಿಕೊಂಡು ದಬದಬ ಓಡತಿದ್ರು. "ನೋಡ್ರಿ ಅವರನ್ನ," ಅಂದೆ. "ಅವರಿಗೆ ಸ್ಟೆಂಟ್ ಇರಂಗಿಲ್ಲ," ಅಂದ್ರು. ಕೇಳಿಕೊಂಡು ಬಂದವರ ಗತೆ.

ಊಟದ ಕತಿ ಬ್ಯಾರೇನ ಐತಿ. ತಂಗಿ ಮಗಳ ಮನಿ ಕೆಳಗಿನ ಅಜ್ಜಿ ಒಬ್ಬಾಕಿ ನಮ್ಮನ್ನ ಊಟಕ್ಕ ಕರದ್ಲು. ನಾವು ಮೀನಾ ಮಾಂಸಾ ಮುಟ್ಟಂಗಿಲ್ಲ ಅಂತ ಮೊದಲ ಹೇಳಿಸಿದ್ವಿ. ಆಕಿ ಕುದಿಸಿದ ಬಟಾಟಿ, ಬೆಣ್ಣಿ, ಸೊಪ್ಪು, ಆಮ್ಯಾಲ ಬಿರುಸನ್ನ ರೊಟ್ಟಿ ಇಟ್ಲು. ಇವರು ರೊಟ್ಟಿ ಎತ್ತಿ ಬೆಳಕಿಗೆ ಹಿಡದು, "ನಮ್ಮ ಕಟಕ ರೊಟ್ಟಿನ ಇದು, ತೂತು ಹೊಡದಾರ," ಅಂತ ಖುಷಿಲೆ ತಿಂದ್ರು. ಇನ್ನಷ್ಟು ಬೇಕೇನು ಅಂತ ಅಜ್ಜಿ ಕೇಳಿದ್ಲು. ಇವರು ತಾಟಿನ ಮ್ಯಾಲ ಕೈ ಅಡ್ಡ ಹಿಡದು "ಸಾಕ್ರಿ, ಸಾಕ್ರಿ" ಅಂದ್ರು. ನಾನೂ ಸಾಕ್ರಿ ಅಂದೆ. ನಮ್ಮ ಕಡೆ ಸಾಕು ಅನ್ನೂದು ಊಟದ ಸುರುವಾತು. ಅಂದ ಮ್ಯಾಲನ ಬಡಸವ್ರು ಕೈ ಸರಿಸಿ, ಆಣಿ ಹಾಕಿ, ಎರಡು ರೊಟ್ಟಿ ಒಗೀತಾರ. ತಂಗಿ ಮಗಳು ನಮ್ಮ ಮಾತನ್ನ ನಿಯತ್ತಿಲೆ ಅಜ್ಜಿಗೆ ಹೇಳಿದ್ಲು. ಅಜ್ಜಿ ನಕ್ಕು, ರೊಟ್ಟಿ ಬುಟ್ಟಿ ಎತ್ತಿಕೊಂಡು ಒಳಗ ಇಟ್ಟು ಬಂದ್ಲು. ನಾವು ಬುಟ್ಟಿ ಹೋದ ದಾರಿ ನೋಡಿಕೊಂತ ಕುಂತ್ವಿ. ಮ್ಯಾಲ ಮನಿಗೆ ಬಂದು, ಊರಿಂದ ಕಟ್ಟಿಕೊಂಡು ಬಂದ ಅವಲಕ್ಕಿ ಶೇಂಗಾ ಚಟ್ನಿ ಕಲಸಿಕೊಂಡು ತಿಂದ್ವಿ.

ಇನ್ನೊಂದು ತ್ರಾಸು, ಅಲ್ಲೆ ಹೊತ್ತು ಮುಣಗಂಗಿಲ್ಲ. ನಾ ಸಂಜಿಗೆ ದೇವರಿಗೆ ದೀಪಾ ಹಚ್ಚಾಕಿ. ಎಣ್ಣಿ ಬತ್ತಿ ಇಟಗೊಂಡು ಕುಂತ್ರ ಸಂಜಿನ ಬರವಲ್ದು. ಊಟ ಆತು, ಹಾಸಿಗಿ ಹಾಸ್ಯಾತು, ಹೊರಗ ಹುಡುಗರು ಚೆಂಡಾಡಾಕತ್ತಾವ. ಕಡೀಕ ಹಗಲನ ದೀಪಾ ಹಚ್ಚಿ "ತಪ್ಪು ತಿಳಕೋಬ್ಯಾಡಪಾ ಮಲ್ಲಯ್ಯ, ಇಲ್ಲಿ ಪದ್ಧತಿ ಹಿಂಗೈತಿ" ಅಂತ ಕೈ ಮುಗದೆ.

ಓಟದ ಸುದ್ದಿ ತಂದಾಕಿ ತಂಗಿ ಮಗಳು. ಊರ ಮಂದಿ ಎಲ್ಲಾ ಕೂಡಿ ಹತ್ತು ಕಿಲೋಮೀಟರ್ ಓಡತಾರ, ನಮ್ಮಿಬ್ಬರ ಹೆಸರೂ ಹಚ್ಚೇನಿ ಅಂದ್ಲು. ಇವರು ಮಾರಿ ಕಿವುಚಿದ್ರು. "ದೊಡ್ಡಪ್ಪ, ನಡಕೊಂತ ಹೋದ್ರೂ ನಡೀತೈತ್ರಿ. ಎಲ್ಲಾರಕಿಂತ ಹಿಂದ ಒಂದು ಬಸ್ ಬರತೈತಿ. ಆಗಲಿಲ್ಲಂದ್ರ ಹತ್ತಿ ಕುಂದರೂದು," ಅಂದ್ಲು. ಬಸ್ ಅಂದ ಕೂಡ್ಲೇ ಇವರ ಮಾರಿ ಅರಳ್ತು. ಯಾವ ಕಂಪನಿ ಗಾಡಿ, ಎಷ್ಟು ಸೀಟು ಅಂತ ವಿಚಾರಿಸಿ, ಒಪ್ಪಿಕೊಂಡ್ರು. ನಾ ಹುಬ್ಬಳ್ಳಿ ಡಾಕ್ಟರಿಗೆ ಫೋನ್ ಹಚ್ಚಿ ಕೇಳಿದೆ. "ಅಕ್ಕೋರ, ಅವರು ಓಡಿದ್ರ ನಾ ಪೇಡೆ ಹಂಚತೀನಿ," ಅಂದ್ರು.

ಓಟದ ದಿನ ತಂಗಿ ಮಗಳು ನಮ್ಮ ಫೋನು, ಚೀಲ ಎಲ್ಲಾ ಇಸಕೊಂಡು, ಮುಗಿಯೂ ಜಾಗಾದಾಗ ನಿಂತಿರತೀನಿ ಅಂತ ಹೋದ್ಲು. ನಾವು ಸುರು ಆಗೂ ಕಡೆ ನಿಂತ್ವಿ. ನಾ ಪಂಜಾಬಿ ಡ್ರೆಸ್ಸಿನ ಮ್ಯಾಲ ಆಕಿ ಬೂಟು ಹಾಕಿದ್ದೆ. ಹುಟ್ಟಿದಾಗಿಂದ ಬೂಟಿನ ಲೇಸ್ ಕಟ್ಟಿದಾಕಿ ಅಲ್ಲ, ಕಟ್ಟಿದಷ್ಟೂ ಬಿಚ್ಚತಿತ್ತು. ಮಂದಿಯೊಳಗ ಅಲ್ಲಲ್ಲೆ ಒಬ್ಬೊಬ್ಬರು ಬೆನ್ನಿಗೆ ಉದ್ದನ್ನ ಕೋಲು ಕಟ್ಟಿಕೊಂಡು, ತುದಿಗೆ ಬಣ್ಣದ ಬಟ್ಟಿ ಹಾರಿಸಿಕೊಂತ ನಿಂತಿದ್ರು. ಅವರು ಇಂತಿಷ್ಟು ಹೊತ್ತಿನ್ಯಾಗ ಮುಟ್ಟೇ ಮುಟ್ಟತಾರಂತ, ಆ ಹೊತ್ತಿಗೆ ಮುಟ್ಟಬೇಕಂದವರು ಅವರ ಹಿಂದ ಓಡೂದಂತ. ಕಟ್ಟಕಡೀ ಬಾವುಟದವನ ಹಿಂದ ಬಸ್.

"ರೀ, ಕಡೀ ಬಾವುಟದವನ ಹಂತ್ಯಾಕ ನಿಂದರ್ರಿ. ದಣಿವಾತಂದ್ರ ಬಸ್ ಹತ್ತಿಬಿಡ್ರಿ," ಅಂತ ಹೇಳಿ, ನಾ ಬಗ್ಗಿ ಲೇಸ್ ಕಟ್ಟಾಕ ಹತ್ತಿದೆ. ಅವರು ನಡುವ ನಿಂತಿದ್ದ ಒಂದು ಕಾವಿ ಬಣ್ಣದ ಬಾವುಟದ ಕಡೆ ನೋಡಿಕೊಂತ ನಿಂತಿದ್ರು. ನಾ ಎದ್ದು ನಿಂದರೂದ್ರಾಗ ಸೀಟಿ ಊದಿ, ಮಂದಿ ಹೊಳಿ ಬಂದಂಗ ಹರದು ಹೋತು. ಇವರಿಲ್ಲ.

ಬಸ್ಸಿನ್ಯಾಗ ಕುಂತಿರತಾರ ಬಿಡು ಅನಕೊಂಡು, ಕಡೀ ಬಾವುಟದವನ ಮುಂದ ಮುಂದ ಸಾವಕಾಶ ಹೆಜ್ಜಿ ಹಾಕಿದೆ. ಬಸ್ ಸನೇಕ ಬಂತು. ಕಿಟಕಿಯೊಳಗ ಇಣಕಿ ನೋಡಿದೆ. ಕಾಲು ಉಳುಕಿದಾಕಿ ಒಬ್ಬಾಕಿ ಕುಂತಿದ್ಲು. ಉಳದ ಸೀಟೆಲ್ಲಾ ಖಾಲಿ.

ಮನಷ್ಯಾ ಬಸ್ಸಿನ್ಯಾಗಿಲ್ಲ ಅಂದ್ರ ಎಲ್ಲಿ ಬಿದ್ದಾನ? ಓಡಾಕ ಹತ್ತಿದೆ. ಸೂಡಿಯೊಳಗ ಕಡೀ ಬಸ್ ತಪ್ಪತೈತಿ ಅಂದಾಗಲೂ ನಾ ಹಂಗ ಓಡಿದಾಕಿ ಅಲ್ಲ. ಬೆಂಚ್ ಕಂಡಲ್ಲೆಲ್ಲಾ ನೋಡಿದೆ. ಅವತ್ತು ಒಂದು ಬೆಂಚಿನ ಮ್ಯಾಲೂ ಇರಲಿಲ್ಲ. ದಿನಾ ಬೆಂಚ್ ಬೆಂಚಿಗೆ ಕುಂದರತೀರಿ ಅಂತ ಬೈದಾಕಿ, ಒಂದರ ಮ್ಯಾಲಾದ್ರೂ ಕುಂತಿರಲೆಪಾ ಅಂತ ಬೇಡಿಕೊಂಡೆ. ನೀರು ಕೊಡೂ ಮಂದಿ ಹಂತ್ಯಾಕ ನಿಂತು, "ಓಲ್ಡ್ ಮ್ಯಾನ್! ಹ್ಯಾಂಡ್ ಹಿಯರ್!" ಅಂತ ನನ್ನ ಎದಿ ಮ್ಯಾಲ ಕೈ ಇಟ್ಟು ತೋರಿಸಿದೆ. ಅವರು ಗಾಬರಿಯಾಗಿ ನನ್ನನ್ನ ಖುರ್ಚಿ ಮ್ಯಾಲ ಕುಂದರಿಸಿ ನಾಡಿ ಹಿಡದ್ರು. ಕೊಸರಿಕೊಂಡು ಎದ್ದೆ. ಮುಂದಿನ ನೀರಿನ ಟೇಬಲ್ಲಿಗೆ ಹೋಗಿ ಮತ್ತ ಎದಿ ಮ್ಯಾಲ ಕೈ ಇಟ್ಟು ಕೇಳಿದೆ. ಅಲ್ಲೆ ಸ್ಟ್ರೆಚರ್ ತಂದ್ರು. ಆಮ್ಯಾಲ ಯಾರನ್ನೂ ಕೇಳಲಿಲ್ಲ. ಅತ್ಕೋತ, ಓಡಕೋತ, ನಡಕೋತ ಹೋದೆ. ನಾನ ಅಲ್ಲ ಇವರನ್ನ ಎಳಕೊಂಡು ಬಂದಾಕಿ? ಮನ್ಯಾಗ ಎದಿ ಹಿಡಕೊಂಡು ಕುಂತಿದ್ರ ಏನ ಹೋಗತಿತ್ತು? ಕುಂತಿರತಿದ್ರು, ಇರತಿದ್ರು.

ಮುಗಿಯೂ ಜಾಗಾ ಕಂಡ್ತು. ದೊಡ್ಡ ಕಮಾನು, ಕೆಳಗ ಗೆರಿ. ಗೆರಿಗೆ ನಾಕ ಹೆಜ್ಜಿ ಈಚೆ, ಬಾಜೂಕ ಸರದು, ಮಂಗಿ ಟೋಪಿ ಹಾಕಿಕೊಂಡ ಒಬ್ಬ ಮನಷ್ಯಾ ನಿಂತಿದ್ದ. ಹಳದಿ ಜಾಕೀಟಿನ ಇಬ್ಬರು ಅವನ ಮುಂದ ನಿಂತು, ಗೆರಿ ದಾಟು, ಗೆರಿ ದಾಟು ಅಂತ ಕೈ ಮಾಡಿ ಗೋಗರಿಯಾಕತ್ತಿದ್ರು. ಕಟಕಟಿ ಆ ಕಡೆಯಿಂದ ತಂಗಿ ಮಗಳು, "ದೊಡ್ಡಪ್ಪ, ಒಳಗ ಬರ್ರಿ! ಹೊತ್ತು ಹೋಗಾಕತ್ತೈತಿ!" ಅಂತ ಒದರತಿದ್ಲು. ಇವರು ಒಬ್ಬೊಬ್ಬರಿಗೂ "ವೇಟ್, ವೇಟ್" ಅಂತಿದ್ರು. ನಾ ಮೊದಲ ನೋಡಿದ್ದು ಅವರ ಕೈ. ಬಲಗೈಯಾಗ ಅರ್ಧಾ ತಿಂದ ಬಾಳಿಹಣ್ಣಿತ್ತು. ಎಡಗೈ ಸೊಂಟದ ಮ್ಯಾಲಿತ್ತು.

"ಎಷ್ಟೊತ್ತು ಮಾಡಿದಿ?" ಅಂದ್ರು ನನಗ. "ನಾ ಯಾವಾಗೋ ಬಂದೆ. ಆ ಕಂಬಿ ಹಿಂದ ಹೊಂಟೆ ನೋಡು, ಮಗಾ ನಡೀಲೇ ಇಲ್ಲ, ಬರೇ ಓಟ. ಕಂಬಿ ಬಿಟ್ಟು ಹಿಂದ ಉಳಿಯಾಕ ಬರತೈತೇನು? ಓಡಿದೆ. ಅವ ಒಳಗ ಹೋದ. ನಾ ಹ್ಯಾಂಗ ಹೋಗಲಿ? ನೀ ಬಂದಿದ್ದಿಲ್ಲ."

ನಾ ಬಾಯಿ ತಗದೆ. ಸಾಲ್ಯಾಗ ಮೂರು ಕ್ಲಾಸು ಕೂಡಿಸಿಕೊಂಡು ಪಾಠ ಹೇಳಿದ ದನಿ ನಂದು. ಹೇಳದ ಕೇಳದ ಹೋಗೂದಂದ್ರ ಏನು, ಜೀವಾ ಬಾಯಿಗೆ ಬಂದಿತ್ತು ನಂದು, ನಿಮ್ಮ ಹೆಣಾ ಹುಡುಕಿಕೊಂತ ಬಂದೇನಿ ಇಲ್ಲೀತನಕ, ಕಂಬಿ ಅಂತ ಕಂಬಿ, ಅದು ಓಟದ ಬಾವುಟ, ಮಲ್ಲಯ್ಯ ಇಲ್ಲಿಗ್ಯಾಕ ಬರತಾನ, ಅಂತ ಎಲ್ಲಾ ಅಂದೆ. ಓಡೂ ಮಂದಿ ನಿಂತು ನೋಡಿದ್ರು. ಹಳದಿ ಜಾಕೀಟಿನವರು ಎರಡು ಹೆಜ್ಜಿ ಹಿಂದ ಸರದ್ರು.

ಇವರು ಬಾಳಿಹಣ್ಣು ತಿಂದು ಮುಗಿಸಿದ್ರು. ಸಿಪ್ಪಿ ಒಬ್ಬ ಜಾಕೀಟಿನವನ ಕೈಯಾಗ ಕೊಟ್ರು. ಆಮ್ಯಾಲ ನನ್ನ ಮ್ಯಾಲಿಂದ ಕೆಳಗ ನೋಡಿ, "ಯಾಕ, ಎದಿ ನೋಯಾಕತ್ತೈತೇನು?" ಅಂದ್ರು.

ಬಗ್ಗಿ ನೋಡಿಕೊಂಡೆ. ನನ್ನ ಬಲಗೈ ನನ್ನ ಎದಿ ಮ್ಯಾಲಿತ್ತು. ಯಾವಾಗಿಂದ ಇತ್ತೋ.

"ಆಗಂಗಿಲ್ಲಂದ್ರ ಹೇಳು," ಅಂದ್ರು ನಮ್ಮ ಮನಿಯವರು. "ಹಿಂದ ಬಸ್ ಬರಾಕತ್ತೈತಿ, ಹತ್ತಿಸಿ ಬರತೀನಿ."