ಅಮ್ಮನ ಮಾತ್ರೆಯ ಅಳತೆ

ನಮ್ಮಮ್ಮನಿಗೆ ಸಂಧಿವಾತ. ಕೀಲುಗಳೆಲ್ಲ ಊದಿ, ಬೆರಳು ಮಡಚಿಕೊಂಡು, ಒಂದು ಲೋಟ ಎತ್ತಲೂ ಎರಡು ಕೈ ಬೇಕಾಗುತ್ತಿತ್ತು. ಅರವತ್ತರ ದಶಕದ ಆರಂಭದ ಜಯನಗರದಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು, ಆದರೆ ಸಲಹೆ ಕೊಡುವವರಿಗೇನೂ ಬರವಿರಲಿಲ್ಲ. ಎಳ್ಳೆಣ್ಣೆ ತಿಕ್ಕಿ ಅಂದರು ಒಬ್ಬರು, ಬದನೆಕಾಯಿ ಬಿಡಿ ಅಂದರು ಇನ್ನೊಬ್ಬರು. ಎಲ್ಲ ಮಾಡಿ ಸಾಕಾಗಿ ಡಾಕ್ಟರ ಹತ್ತಿರ ಹೋದೆವು. ಅವರು ಸ್ಟಿರಾಯ್ಡ್ ಮಾತ್ರೆ ಬರೆದುಕೊಟ್ಟರು.

ಕೆಲವೇ ದಿನಗಳಲ್ಲಿ ಅಮ್ಮ ಬಾಗಿಲಿಗೆ ರಂಗೋಲಿ ಹಾಕತೊಡಗಿದಳು. ನನಗೆ ಕುಣಿಯುವಷ್ಟು ಸಂತೋಷ. ಅದೂ ಹೆಚ್ಚು ಕಾಲ ಉಳಿಯಲಿಲ್ಲ. ಮುಖ ಊದಿ ಗುಂಡಗಾಯಿತು, ಮೂತ್ರದಲ್ಲಿ ಸಕ್ಕರೆ ಕಾಣಿಸಿತು. ಬಂದವರೆಲ್ಲ, "ಏನ್ರೀ, ಮೈಕೈ ತುಂಬ್ಕೊಂಡು ಎಷ್ಟು ಲಕ್ಷಣವಾಗಿದೀರ!" ಎಂದು ಹೊಗಳುವವರೇ. ಅದು ಔಷಧದ ಊತ ಎಂದು ಹೇಳಿ ಹೇಳಿ ನನ್ನ ಬಾಯಿ ಒಣಗಿತು. ಅಮ್ಮ ಮಾತ್ರ ಅವರಿಗೆ ಇನ್ನೊಂದು ಲೋಟ ಕಾಫಿ ಕೊಡುತ್ತಿದ್ದಳು.

ಡಾಕ್ಟರು ಅವಳಿಗೆ ಎರಡೇ ಮಾತು ಹೇಳಿದ್ದರು. "ಬೆಳಗ್ಗೆ ತಿಂಡಿ ಆದ್ಮೇಲೆ ತಗೊಳ್ಳಿ, ಬರೀ ಹೊಟ್ಟೇಲಿ ಬೇಡ. ನನ್ನ ಕೇಳ್ದೆ ಯಾವತ್ತೂ ನಿಲ್ಲಿಸ್ಬೇಡಿ." ನವರಾತ್ರಿ ಬಂತು. ಅಮ್ಮ ಪ್ರತಿವರ್ಷದಂತೆ ಒಪ್ಪತ್ತು ಹಿಡಿದಳು. ರಾತ್ರಿ ಪೂಜೆ ಆದಮೇಲೇ ಊಟ. ಬೆಳಗ್ಗೆ ತಿಂಡಿಯಿಲ್ಲ, ಆದ್ದರಿಂದ ಮಾತ್ರೆಯೂ ಇಲ್ಲ! ನನಗೊಂದು ಮಾತು ಹೇಳಬಾರದೇ? ಹಬ್ಬದ ನಡುವೆ ಒಂದು ಬೆಳಗ್ಗೆ ಅಡುಗೆಮನೆಯಲ್ಲಿ ಕುಸಿದುಬಿದ್ದಳು. ಜಟಕಾದಲ್ಲಿ ಆಸ್ಪತ್ರೆಗೆ ಕರೆದೊಯ್ಯುವಾಗ ಅವಳ ಕೈ ತಣ್ಣಗಿತ್ತು. ಹೋದೇ ಹೋದಳು ಅಂದುಕೊಂಡೆ.

"ಡಾಕ್ಟ್ರೇ ಹೇಳಿದ್ರಲ್ಲಪ್ಪಾ, ಬರೀ ಹೊಟ್ಟೇಲಿ ಬೇಡಾಂತ," ಎಂದಳು ಚೇತರಿಸಿಕೊಂಡ ಮೇಲೆ. ನಾನು ತಲೆ ಚಚ್ಚಿಕೊಳ್ಳುವುದೊಂದು ಬಾಕಿ.

ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದರು. "ಮಾತ್ರೆ ಥಟ್ಟಂತ ಬಿಟ್ಟಿದ್ದಕ್ಕೇ ಹೀಗಾಗಿದ್ದು. ಹಾಗಂತ ಇದೇ ಅಳತೇಲಿ ತಗೊಳ್ತಾ ಹೋದ್ರೆ ಸಕ್ಕರೆ ಏರತ್ತೆ, ಮೂಳೆ ಟೊಳ್ಳಾಗತ್ತೆ. ನಿಧಾನವಾಗಿ ಇಳಿಸ್ತಾ ನಿಲ್ಲಿಸ್ಬಹುದು, ಆದ್ರೆ ನೋವು ವಾಪಸ್ ಬರತ್ತೆ. ನೀವೇ ಯೋಚ್ನೆ ಮಾಡಿ." ನಾವೇ ಯೋಚನೆ ಮಾಡುವ ಹಾಗಿದ್ದರೆ ಇವರ ಹತ್ತಿರ ಯಾಕೆ ಬರಬೇಕಿತ್ತು? ಮೈಯೆಲ್ಲ ಉರಿಯಿತು. ನಿಲ್ಲಿಸಿಬಿಡುವುದೇ ಸರಿ ಎಂದು ತೀರ್ಮಾನಿಸಿದೆ.

ಮನೆಗೆ ಬಂದು ಹಾಗೇ ಹೇಳಿದೆ. "ಮೂಳೆ ಮುರಿದು ಹಾಸಿಗೆ ಹಿಡಿದ್ರೆ ಏನಮ್ಮಾ ಗತಿ?"

"ಮಾತ್ರೆಗೆ ಮುಂಚೆ ನಂಗೆ ಸೀರೆ ಉಡಿಸ್ತಿದ್ದೋರು ಯಾರು?" ಎಂದು ಕೇಳಿದಳು.

ಪಕ್ಕದ ಮನೆಯಾಕೆ. ಅಪ್ಪ ತೀರಿಹೋಗಿದ್ದರು, ನನಗಿನ್ನೂ ಮದುವೆಯಾಗಿರಲಿಲ್ಲ, ಮನೆಯಲ್ಲಿ ಬೇರೆ ಹೆಂಗಸರಿರಲಿಲ್ಲ.

"ಆಕೆ ಪಾಪ, ತನ್ನ ಮನೆ ಕೆಲ್ಸ ಮುಗಿಸ್ಕೊಂಡೇ ಬರ್ಬೇಕಲ್ಲ. ಅಲ್ಲೀತನ್ಕ ಒದ್ದೆ ಸೀರೆ ಸುತ್ಕೊಂಡು ಬಚ್ಚಲಲ್ಲೇ ನಿಂತಿರ್ತಿದ್ದೆ ಕಣೋ. ಆಫೀಸಿಗೆ ಹೋಗ್ತೀನಿ ಅಂತ ನೀನು ಕೂಗಿದ್ರೆ, ಅಲ್ಲಿಂದ್ಲೇ ಹೂಂ ಅಂತಿದ್ದೆ."

ಮರುದಿನ ಒಬ್ಬನೇ ಡಾಕ್ಟರ ಬಳಿ ಹೋದೆ. ನಿಲ್ಲಿಸೋದಾ, ಮುಂದುವರಿಸೋದಾ ಎಂದು ಕೇಳಿದರು.

"ಅಮ್ಮ ತಾನೇ ಸೀರೆ ನೆರಿಗೆ ಹಿಡಿಯೋಕ್ಕೆ ಎಷ್ಟು ಬೇಕೋ ಅಷ್ಟು ಕೊಡಿ ಸಾರ್," ಎಂದೆ. "ಅದಕ್ಕಿಂತ ಒಂದು ಚೂರೂ ಜಾಸ್ತಿ ಬೇಡ."