ನಿಂಗಮ್ಮನ ರಕ್ತದ ವರದಿ

ಕಾಲುವೆಗೆ ನೀರು ಬಿಟ್ಟ ಎರಡನೆಯ ವರ್ಷ. ಶಹಾಪುರದ ಹತ್ತಿರ, ಕಾಲುವೆ ಕೆಲಸದವರ ಕ್ಯಾಂಪಿನ ದವಾಖಾನೆಯಲ್ಲಿ ನಾನು ನರ್ಸ್ ಆಗಿದ್ದೆ. ಆ ಸೋಮವಾರ ಪಕ್ಕದ ಮನೆಯ ನಿಂಗಮ್ಮ ನನ್ನ ಅಡುಗೆಮನೆಯಲ್ಲಿ ಕುಳಿತು ನಾನು ಬಡಿದ ರೊಟ್ಟಿ ತಿನ್ನುತ್ತಿದ್ದಳು.

"ಅಕ್ಕಾ, ನಿನ್ನ ರೊಟ್ಟಿ ನೋಡಿದ್ರ ಕಾಲುವಿ ನಕ್ಷಾ ಇದ್ದಂಗ ಐತಿ," ಎಂದು ನಕ್ಕಳು.

"ಬಾಯಿ ಮುಚ್ಕೊಂಡು ತಿನ್ನ," ಎಂದೆ.

ಆಕೆಗೆ ಇಪ್ಪತ್ತೊಂದು ವರ್ಷ. ಒಮ್ಮೆಯೂ ಮುಟ್ಟಾಗಿರಲಿಲ್ಲ. ಮೈನೆರೆದಿದ್ದಾಳೆಂದು ಸುಳ್ಳು ಹೇಳಿ ತವರಿನವರು ಗಂಡನ ಮನೆಗೆ ಕಳಿಸಿದ್ದರು. ಮಕ್ಕಳಾಗಲಿಲ್ಲವೆಂದು ದವಾಖಾನೆಗೆ ಬಂದಾಗ ಡಾಕ್ಟರು ರಕ್ತವನ್ನು ಹೈದರಾಬಾದಿಗೆ ಕಳಿಸಿದ್ದರು.

ಮರುದಿನ ವರದಿ ಬಂತು. ವರ್ಣತಂತುಗಳು ಎಕ್ಸ್ ಮತ್ತು ವೈ. ಆದರೆ ಮಗು ಗಂಡಾಗಿ ಬೆಳೆಯಲು ವೈ ಒಂದೇ ಸಾಲದು. ಗಂಡು ಹಾರ್ಮೋನಿಗೆ ದೇಹ ಓಗೊಡಬೇಕು. ನಿಂಗಮ್ಮನ ದೇಹ ಗರ್ಭದಲ್ಲೇ ಓಗೊಟ್ಟಿರಲಿಲ್ಲ. ಗರ್ಭಕೋಶ ಇರಲಿಲ್ಲ, ನಿಜ. ಮೈಯಲ್ಲೂ ಮನಸ್ಸಿನಲ್ಲೂ ಆಕೆ ಹೆಣ್ಣಾಗಿಯೇ ಬೆಳೆದಿದ್ದಳು.

ಸೊಸೆಯ ಕಾಯಿಲೆಯನ್ನು ಮೊದಲು ಅತ್ತೆಗೆ ಹೇಳುವುದು ನಮ್ಮ ಕಡೆಯ ರೂಢಿ. ಡಾಕ್ಟರು ರಜೆಯಲ್ಲಿದ್ದರು. ನಾನೇ ಅತ್ತೆಯನ್ನು ಕರೆಸಿದೆ. ವೈ ಸಾಮಾನ್ಯವಾಗಿ ಗಂಡಸರಲ್ಲಿ ಇರುತ್ತದೆ ಎಂದೆ. ಮುಂದಿನದನ್ನು ಕೇಳಲು ಆಕೆ ನಿಲ್ಲಲಿಲ್ಲ.

ಮಧ್ಯಾಹ್ನ ಕೂಗಾಟ ಕೇಳಿ ಓಡಿದೆ. ಗಂಡ ಹಣಮಂತ ನಿಂಗಮ್ಮನ ಜಡೆಯನ್ನು ಕೈಗೆ ಸುತ್ತಿಕೊಂಡು ಅಂಗಳದ ತುಂಬ ಎಳೆದಾಡುತ್ತಿದ್ದ. ಮೈದುನ ಕುರಿಯ ಉಣ್ಣೆ ಕತ್ತರಿಸುವ ಕತ್ತರಿ ತಂದು ಕೂದಲು ಕತ್ತರಿಸಿದ. ಕಿವಿಯೂ ಹರಿಯಿತು. ಅತ್ತೆ ಒಂದು ಧೋತರ ತಂದು ಮುಖದ ಮೇಲೆ ಎಸೆದಳು.

"ಉಟ್ಕೊಳ್ಳೋ ಗಂಡ್ಸ! ನನ್ನ ಮಗನ ಬಾಳೇ ಹಾಳ ಮಾಡಿದಿ."

"ಅಕ್ಕಾ, ನಾ ಹೆಂಗ್ಸ ಅದೀನಂತ ನೀನಾರ ಹೇಳಕ್ಕಾ!"

"ಹೆಂಗ್ಸೇ ಅದಾಳ, ಬಿಡ್ರಿ ಆಕೀನ!" ಎಂದು ಅಡ್ಡ ಹೋದೆ. ಹಣಮಂತ ಗುದ್ದಲಿಯ ಕಾವಿನಿಂದ ಹೊಡೆದ. ನನ್ನ ಮೊಣಕೈ ಮುರಿಯಿತು. ಬಿದ್ದಲ್ಲಿಂದಲೇ ನೋಡಿದೆ: ಅಣ್ಣ ತಮ್ಮ ಇಬ್ಬರೂ ಆಕೆಯ ಕೈಕಾಲು ಹಿಡಿದು ಮನೆಯ ಹಿಂದಿನ ಕಾಲುವೆಗೆ ಎಸೆದರು. ಕಾಲುವೆ ತುಂಬಿ ಹರಿಯುತ್ತಿತ್ತು.

ಕೋರ್ಟಿನಲ್ಲಿ ಸಾಕ್ಷಿ ಹೇಳಿದೆ. ಇಬ್ಬರಿಗೂ ಶಿಕ್ಷೆಯಾಯಿತು. ನಂತರ ಇಪ್ಪತ್ತಾರು ವರ್ಷ ಕೆಲಸ ಮಾಡಿದೆ. ಅತ್ತೆಯಂದಿರು ಎಷ್ಟೇ ಬೈದರೂ ರೋಗಿಯ ಮಾತನ್ನು ಮೊದಲು ರೋಗಿಗೇ ಹೇಳಿದೆ. ಕೆಲಸ ನನಗೆ ಕಲಿಸಿದ್ದು ಅದು. ನಿಂಗಮ್ಮನಿಗೆ ಮಾತ್ರ ಹೇಳಲಿಲ್ಲ.

ಆಗ ಕಾಲುವೆಯ ಗೇಟು ಇಳಿಸಿ, ನೀರು ನಿಲ್ಲಿಸಿ ಐದು ದಿನ ಹುಡುಕಿದ್ದರು. ಆಕೆಯ ಹೆಣ ಇಂದಿಗೂ ಸಿಕ್ಕಿಲ್ಲ.