ಹೋಳಿಗೆ ಉಂಡು ಕಾಲು ಬಿದ್ದ ಅಳಿಯ

ಮದುವೆಯಾದ ಮೇಲೆ ಮೊದಲ ಸಲ ಶಿಗ್ಲಿಯ ಮಾವನ ಮನೆಗೆ ಎದೆ ಉಬ್ಬಿಸಿಕೊಂಡೇ ಹೋಗಿದ್ದೆ. ಗದಗಿನ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವ ಅಳಿಯ ಅಂದರೆ ಸುಮ್ಮನೇನಾ! ಊಟಕ್ಕೆ ಕೂತಾಗ ಮಾತ್ರ ಆ ಜಂಬ ಕೆಲಸಕ್ಕೆ ಬರಲಿಲ್ಲ. ನಮ್ಮ ಕಡೆ ಅಳಿಯ ಸಾಕು ಅನ್ನುವಂತಿಲ್ಲ. ಎಲೆಗೆ ಕೈ ಅಡ್ಡ ಹಿಡಿದರೆ ಕೈಮೇಲೇ ಬಡಿಸುತ್ತಾರೆ.

“ನನ್ನಾಣಿ ಐತಿ, ಇನ್ನೊಂದ ತಗೋರಿ,” ಎಂದು ಅತ್ತೆ ಹೋಳಿಗೆ ಹಾಕುತ್ತಲೇ ಇದ್ದರು. ಬಾಯಿಚಪಲದ ನಾನೂ ತುಪ್ಪ ಸುರಿಸಿಕೊಂಡು ತಿನ್ನುತ್ತಲೇ ಇದ್ದೆ. ಬೆಳಿಗ್ಗೆ ಎಚ್ಚರವಾದಾಗ ಎರಡೂ ಕಾಲು ಅಲ್ಲಾಡಲಿಲ್ಲ. ಮುಟ್ಟಿದ್ದು ತಿಳಿಯುತ್ತಿತ್ತು, ಎತ್ತಲು ಆಗುತ್ತಿರಲಿಲ್ಲ.

“ಸಾಕ ಬಿಡ್ರಿ ನಾಟಕ, ಏಳ್ರಿ,” ಎಂದು ನಕ್ಕ ಹೆಂಡತಿಯ ಮುಖ ಆಮೇಲೆ ಬಿಳಿಚಿತು. ನನಗಿಂತ ಸಣಕಲ ಮನುಷ್ಯ ಮಾವ. ಅವರೇ ನನ್ನನ್ನು ಬೆನ್ನ ಮೇಲೆ ಹೊತ್ತು ಹಿತ್ತಲ ಪಾಯಖಾನೆಗೆ ಒಯ್ದರು. ಥೂ, ಸತ್ತೇ ಹೋಗಬೇಕು ಅನ್ನಿಸಿತು! ಗೋಡೆಯಾಚೆ ಪಕ್ಕದ ಮನೆಯಾಕೆ ಯಾರಿಗೋ ಹೇಳುತ್ತಿದ್ದಳು: “ಮೊದಲಿಂದ ರೋಗ ಇತ್ತ ಕಾಣತೈತಿ. ಮುಚ್ಚಿಟ್ಟು ಮದವಿ ಮಾಡ್ಯಾರ.” ಅತ್ತೆಗೂ ಅದು ಕೇಳಿಸಿತು.

ಲಕ್ಷ್ಮೇಶ್ವರದ ಆಸ್ಪತ್ರೆಯಲ್ಲಿ ರಕ್ತ ನೋಡಿ ಡಾಕ್ಟರು, “ಪೊಟ್ಯಾಸಿಯಂ ಭಾಳ ಇಳದೈತ್ರಿ. ರಾತ್ರಿ ಏನ್ ಉಂಡಿದ್ರಿ?” ಅಂದರು. ವರ್ಷಾ ವರ್ಷ ಬೋರ್ಡಿನ ಮೇಲೆ ನಾನೇ ಬರೆಯುವ ಪಾಠ! ಜೀವಕೋಶದ ಒಳಗೆ ಪೊಟ್ಯಾಸಿಯಂ ಹೆಚ್ಚು, ಹೊರಗೆ ಸೋಡಿಯಂ ಹೆಚ್ಚು. ಈ ಹೆಚ್ಚುಕಡಿಮೆಯಿಂದಲೇ ಕೋಶದ ಪೊರೆಯ ಎರಡು ಬದಿಗಳ ನಡುವೆ ವಿದ್ಯುತ್ತಿನ ವ್ಯತ್ಯಾಸ ನಿಂತಿರುತ್ತದೆ. ಅದು ಸರಿಯಿದ್ದರೆ ಮಾತ್ರ ನರ ಹೇಳಿದ್ದನ್ನು ಸ್ನಾಯು ಕೇಳುತ್ತದೆ. ಸಿಹಿ ಹೆಚ್ಚು ತಿಂದು ಮಲಗಿದರೆ ಇನ್ಸುಲಿನ್ ಏರಿ, ರಕ್ತದ ಪೊಟ್ಯಾಸಿಯಂ ಕೋಶದೊಳಗೆ ಸೇರುತ್ತದೆ. ಬೇರೆಯವರಿಗೆ ಅದರಿಂದ ಏನೂ ಆಗುವುದಿಲ್ಲ. ನನ್ನ ಸ್ನಾಯುಗಳ ಪೊರೆಯಲ್ಲಿ ಹುಟ್ಟಿನಿಂದಲೇ ದೋಷವಿತ್ತಂತೆ; ನನಗೇ ಗೊತ್ತಿರಲಿಲ್ಲ. ಅಲ್ಲಿ ವಿದ್ಯುತ್ತು ಏರುಪೇರಾಗಿ ಕಾಲು ಬಿದ್ದಿತ್ತು.

ಪೊಟ್ಯಾಸಿಯಂ ಔಷಧಿ ಕುಡಿದು ಮಧ್ಯಾಹ್ನಕ್ಕೆ ನಡೆದೆ. ಮನೆಗೆ ಬಂದರೆ ಬಾಗಿಲಲ್ಲಿ ಅತ್ತೆ ಅಳುತ್ತಿದ್ದರು. “ನನ್ನ ಕೈಯಾರೆ ಹಾಕಿದ್ನಲ್ರಿ!”

“ನಿಮ್ಮ ಹೋಳಿಗೀದೇನ ತಪ್ಪಿಲ್ರಿ, ನನ್ನ ಮೈಯಾಗಿನ ದೋಷ,” ಅಂದೆ. ಒಮ್ಮೆಗೇ ಇಷ್ಟು ಸಿಹಿ ಇನ್ನು ಕೂಡದು ಎಂದು ಡಾಕ್ಟರು ಹೇಳಿದ್ದನ್ನು ಅತ್ತೆ ನನ್ನಿಂದ ಮತ್ತೆ ಮತ್ತೆ ಕೇಳಿ ತಿಳಿದುಕೊಂಡರು.

ಈ ಸಲ ಯುಗಾದಿಗೆ ಮುಂಡರಗಿಯಿಂದ ಅತ್ತೆಯ ತಂಗಿ ಬಂದಿದ್ದರು. ಅವರಿಗೆ ನನ್ನ ಕಾಯಿಲೆಯ ಸುದ್ದಿ ಗೊತ್ತಿರಲಿಲ್ಲ. ಪಂಕ್ತಿಯ ತುಂಬ ಬೀಗರು. “ಅಯ್ಯ, ಅಳಿಯಗ ಒಂದ ಹೋಳಿಗಿ? ಎಂಥಾ ಜಿಪುಣಿ ಅದೀಯಬೇ ಅಕ್ಕಾ!” ಎನ್ನುತ್ತ ಒಂದು ಕೈಯಲ್ಲಿ ಹೋಳಿಗೆ, ಇನ್ನೊಂದರಲ್ಲಿ ಬಿಸಿ ತುಪ್ಪದ ಮಿಳ್ಳಿ ಹಿಡಿದು ನನ್ನ ಎಲೆಗೆ ಬಾಗಿದರು.

ಅತ್ತೆ ಓಡಿಬಂದು ಎಲೆಯ ಮೇಲೆ ತಮ್ಮ ಅಂಗೈ ಚಾಚಿದರು. ಅವರ ತಂಗಿ ನಗುತ್ತ ಕೈಮೇಲೇ ತುಪ್ಪ ಸುರಿದರು. ಅಳಿಯನಿಗೆ ಕಾಯಿಲೆ ಐತಿ ಅಂದಿದ್ದರೆ ಸಾಕಿತ್ತು. ಅತ್ತೆ ಅನ್ನಲಿಲ್ಲ, ಕೈಯನ್ನೂ ತೆಗೆಯಲಿಲ್ಲ.

“ಹೌದಬೇ, ನಾ ಜಿಪುಣೀನ ಅದೀನಿ,” ಅಂದರು. “ಇನ್ನ ಹಾಕಬ್ಯಾಡ.”

ಬೀಗರೆಲ್ಲ ನಕ್ಕರು. ನಾನು ತಲೆ ಎತ್ತದೆ ಆ ಒಂದು ಹೋಳಿಗೆಯನ್ನು ತಿಂದು ಮುಗಿಸಿದೆ.